ಪಿಸುವಿನ ಕಥೆಗೆ ಗುಡುಗಪ್ಪನ ಸ್ಪೀಕರು

ಗುಡುಗಪ್ಪ ಎಂಬುದು ಅವನ ಹೆಸರಲ್ಲ. ನಿಜವಾದ ಹೆಸರು ಹೆಂಡತಿಗೇ ಒಂದು ಗಳಿಗೆ ತಲೆ ಕೆರೆದುಕೊಂಡ ಮೇಲೆ ನೆನಪಾಗುತ್ತಿತ್ತು. ಕೆಟ್ಟ ಫ್ರಿಜ್ಜುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಮಾಡಿದ ರಿಪೇರಿಯನ್ನು ವರ್ಣಿಸುವುದು ಅದಕ್ಕಿಂತ ದೊಡ್ಡ ಕಸುಬು. ಅಂಗಡಿಯಲ್ಲಿ ಕೂತು ಅವನು ಹಲೋ ಎಂದರೆ ಫೋನಿನ ಹಂಗಿಲ್ಲದೆಯೇ ಗಿರಾಕಿಗೆ ಕೇಳಿಸುತ್ತಿತ್ತು. ಸೀನಿದರೆ ಎದುರು ಸಾಲಿನ ಕಿಟಕಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ. ಓದುವವರ ಮನಸ್ಸಿಗೆ ಗಾಬರಿಯಾಗದಿರಲೆಂದು ಸ್ವಲ್ಪ ಕಡಿಮೆ ಮಾಡಿಯೇ ಬರೆದಿದೆ.

ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅವಳ ಗಂಟಲೂ ಹದವಾಗಿ ಕಾಸಿ ಬಡಿದ ಕಬ್ಬಿಣದಂತೆ ಗಟ್ಟಿಯಾಗಿತ್ತು. ಅವರ ಜತೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದೇ ಹುಟ್ಟಿದವರು. ಕಂಡದ್ದನ್ನೆಲ್ಲ ಒರೆಸುತ್ತಿದ್ದರು. ಕೂತಲ್ಲಿ ಕೂತವರನ್ನೂ ಒಮ್ಮೊಮ್ಮೆ ಒರೆಸಿದ್ದುಂಟು. ಮನೆಯ ರೇಡಿಯೋವನ್ನು ಬಿಚ್ಚಿ ಒಳಗೆಲ್ಲ ಒದ್ದೆ ಬಟ್ಟೆ ಆಡಿಸಿ ಅದಕ್ಕೊಂದು ಗತಿ ಕಾಣಿಸಿದವರೂ ಅವರೇ.

ಇಂಥ ಮೂವರ ನಡುವೆ ಇದ್ದವಳು ಹೆಂಡತಿಯ ತಂಗಿ. ಅವಳನ್ನು ಎಲ್ಲರೂ ಪಿಸು ಎಂದು ಕರೆಯುತ್ತಿದ್ದರು. ಅವಳು ಮಾತಾಡಿದರೆ ಹತ್ತಿಯ ಮೇಲೆ ಹತ್ತಿ ಬಿದ್ದಂತೆ. ಊಟಕ್ಕೆ ಕೂತು ಉಪ್ಪು ಕೇಳಿದರೆ ಊಟ ಮುಗಿಯುವವರೆಗೂ ಉಪ್ಪು ಬರುತ್ತಿರಲಿಲ್ಲ, ಯಾರೋ ಒಬ್ಬರು ಕೈ ತೊಳೆಯುವಾಗ, "ನೀನೇನೋ ಅಂದ್ಯಲ್ಲ, ಏನದು?" ಎಂದು ಕೇಳುತ್ತಿದ್ದರು. ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಗಿರಾಕಿಗಳ ಮುಖಕ್ಕೆ ಫ್ರೇಮು ಹೊಂದಿಸುತ್ತ, ಕಿವಿಯ ಹತ್ತಿರ ಬಾಗಿ, "ಇಲ್ಲಿ ಒತ್ತುತ್ತಾ? ಇವಾಗ?" ಎಂದು ಕೇಳುವುದು ಅವಳ ಕೆಲಸ. ಒಂದು ದಿನ ಹಾಗೆ ಕೇಳಿಸಿಕೊಂಡವರು ರೇಡಿಯೋ ಕೇಂದ್ರದ ಮೇಡಂ. ಅವರು ಕನ್ನಡಕ ಮರೆತು ದನಿಯನ್ನೇ ಮೆಚ್ಚಿಕೊಂಡರು. ಮಕ್ಕಳ ಕಥೆ ಓದುವವರು ಬೇಕಾಗಿತ್ತಂತೆ. ಮರುವಾರವೇ ಕರೆಸಿ, ನೆಗಡಿಯಾದ ಆನೆಯ ಕಥೆಯೊಂದನ್ನು ಓದಿಸಿ ರೆಕಾರ್ಡ್ ಮಾಡಿಕೊಂಡು ಹೇಳಿದರು:

"ಭಾನುವಾರ ಬೆಳಿಗ್ಗೆ ಬರುತ್ತೆ. ನೀವೇ ಕೂತು ಕೇಳಿ. ಕೇಳಿದ ಮೇಲೂ ಓದಬೇಕು ಅನ್ನಿಸಿದ್ರೆ ಬುಧವಾರ ಬನ್ನಿ, ಮುಂದಿನ ಕಥೆ ಮಾಡೋಣ. ಇಲ್ಲ ಅನ್ನಿಸಿದ್ರೆ ಒಂದು ಫೋನ್ ಮಾಡಿಬಿಡಿ. ಬಲವಂತ ಇಲ್ಲ."

ಪಿಸು ಮನೆಗೆ ಬಂದು ಇದನ್ನು ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದಳು. ಗುಡುಗಪ್ಪನಿಗೆ ಮಾತ್ರ ಅರ್ಧ ಕೇಳಿಸಿತು, ಉಳಿದರ್ಧವನ್ನು ಅವನು ತಾನೇ ಸೇರಿಸಿಕೊಂಡ. ಸಂಜೆಯ ಹೊತ್ತಿಗೆ ಬೀದಿಯವರಿಗೆಲ್ಲ ಗೊತ್ತಾದದ್ದೇನೆಂದರೆ, ರೇಡಿಯೋದವರು ಕಾಲಿಗೆ ಬಿದ್ದು ಬೇಡಿಕೊಂಡಿದ್ದಾರೆ, ಇವಳಿನ್ನೂ ಒಪ್ಪಿಲ್ಲ.

"ಭಾವ, ಹಾಗಲ್ಲ," ಎಂದಳು ಪಿಸು.

"ನೀನು ಸುಮ್ನಿರು. ನಿನ್ನ ಬಗ್ಗೆ ನಿನಗೇನು ಗೊತ್ತು?"

ಹುಡುಗಾಟವಲ್ಲ, ಅವನಿಗೆ ಈ ನಾದಿನಿಯೆಂದರೆ ಪ್ರಾಣ. ಅವನು ಮದುವೆಯಾಗಿ ಬಂದ ಹೊಸತರಲ್ಲಿ ಅವನ ಬಡಾಯಿಗೆ ಮನೆಯವರೆಲ್ಲ ಆಕಳಿಸುತ್ತಿದ್ದಾಗ, ಪೂರ್ತಿ ಕೇಳಿ, ಕೊನೆಗೆ "ಆಮೇಲೆ?" ಎಂದು ಕೇಳಿದವಳು ಅವಳೊಬ್ಬಳೇ. ಅಂಥವಳ ಕಥೆಯನ್ನು ಯಾವುದರಲ್ಲಿ ಕೇಳುವುದು ಎಂಬ ಯೋಚನೆ ಅವನನ್ನು ಹಿಡಿಯಿತು. ಫೋನಿನಲ್ಲಿ ಕೇಳಬಹುದಲ್ಲ ಎಂದಳು ಹೆಂಡತಿ. "ಬೆಂಕಿಪೊಟ್ಟಣದಲ್ಲಿ ಆನೆ ಹಿಡಿಸುತ್ತೇನೇ?" ಎಂದ. ಉಳಿದದ್ದು ಕಾರು. ಮನೆಯಲ್ಲಿ ನಾಲ್ವರೂ ಒಟ್ಟಿಗೆ ಕೂತು ರೇಡಿಯೋ ಕೇಳಬಹುದಾಗಿದ್ದ ಜಾಗ ಅದೊಂದೇ. ಆದರೆ ಕಾರಿನ ಜತೆಗೇ ಕಂಪನಿಯಿಂದ ಬಂದಿದ್ದ ಸ್ಪೀಕರುಗಳು ಎಂಥವೆಂದರೆ, ಎಂಥ ಗಾಯಕನೂ ಅವುಗಳೊಳಗೆ ಹೋಗಿ ಬರುವಷ್ಟರಲ್ಲಿ ಸೊಳ್ಳೆಯಾಗಿಬಿಡುತ್ತಿದ್ದ.

ಹಾಗಾಗಿ ಶನಿವಾರ ಗುಡುಗಪ್ಪ ಅಂಗಡಿಗೆ ಬೀಗ ಹಾಕಿ, ಹೊಸ ಸ್ಪೀಕರುಗಳ ಪೆಟ್ಟಿಗೆ ಹೊತ್ತು ತಂದ. ಪೇಟೆಯಲ್ಲಿ ಹಾಕಿಸಬಹುದಿತ್ತು. ಆದರೆ ಪ್ರಪಂಚದ ಅರ್ಧ ಐಸನ್ನು ತಾನೇ ಕಾಪಾಡಿಕೊಂಡು ಬಂದಿದ್ದೇನೆ ಎಂದು ನಂಬಿದವನು ಎರಡು ಸ್ಪೀಕರಿಗಾಗಿ ಇನ್ನೊಬ್ಬನ ಮುಂದೆ ಕಾರು ನಿಲ್ಲಿಸುತ್ತಾನೆಯೇ?

ಮನೆಯ ಮುಂದೆ ಕಾರಿನ ಬಾಗಿಲುಗಳನ್ನು ರೆಕ್ಕೆಯಂತೆ ತೆರೆದಿಟ್ಟು, ಬಲಬದಿಯ ಬಾಗಿಲಿನ ಒಳಹೊದಿಕೆಯನ್ನು ಕಿತ್ತ. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಕ್ಲಿಪ್ಪುಗಳು ಟಪಟಪನೆ ಹಾರಿ ಒಂದು ಅತ್ತೆಯ ಬಕೆಟ್ಟಿಗೆ ಬಿತ್ತು. ಹಳೆಯ ಸ್ಪೀಕರು ಕೈಗೆ ಬಂದಾಗ ಅವನಿಗೆ ಅಯ್ಯೋ ಪಾಪ ಅನ್ನಿಸಿತು. ಕಾಗದದ ಬಟ್ಟಲು, ಅದರ ಬೆನ್ನಿಗೆ ಕೋಟಿನ ಗುಂಡಿಯಷ್ಟು ಅಯಸ್ಕಾಂತ. ಹೊಸದರ ಅಯಸ್ಕಾಂತವೋ, ಅದನ್ನು ಹೊರಗೆ ತೆಗೆದ ತಕ್ಷಣ ಹೆಂಡತಿಯ ಸೂಜಿಗಳೆಲ್ಲ ಮುಂದಿನ ಕೋಣೆಯಲ್ಲಿ ಎದ್ದು ನಿಂತವು ಎಂದು ಅವನು ಇಂದಿಗೂ ಹೇಳುತ್ತಾನೆ.

"ಎದ್ದು ನಿಂತಿದ್ದು ಸೂಜಿ ಅಲ್ಲ, ನಾನು," ಎಂದಳು ಹೆಂಡತಿ. "ನನ್ನ ಕತ್ತರಿ ಎಲ್ಲಿ? ತಂತಿ ಕತ್ತರಿಸೋಕೆ ತಗೊಂಡ್ರಾ?"

"ನಿನ್ನ ಕತ್ತರಿಗೂ ಒಂದು ಒಳ್ಳೆ ಕೆಲಸ ಸಿಗಲಿ ಅಂತ ಕಣೇ."

ಬಲಗಡೆಯದು ಕೂತಿತು. ಹಾಡು ಹಾಕಿದ. ಒಂದೇ ಸ್ಪೀಕರಿಗೇ ಬೀದಿಯ ಬೆಕ್ಕು ಗೋಡೆಯಿಂದ ಕೆಳಗಿಳಿದು ಬಂದು ಕೂತು ಕೇಳಿತು. ಇನ್ನು ಎಡಗಡೆ. ಅಲ್ಲಿ ಕಾರಿನ ತಂತಿ ಗಿಡ್ಡವಾಯಿತು. ಅಂಗಡಿಯಿಂದ ತಂದಿದ್ದ ಬಿಳಿ ಜೋಡಿ ತಂತಿಯನ್ನು ಸೇರಿಸಿ ಉದ್ದ ಮಾಡಿದ. ಎರಡು ಎಳೆಯೂ ಒಂದೇ ಬಿಳಿ. ಯಾವುದು ಪ್ಲಸ್ಸು, ಯಾವುದು ಮೈನಸ್ಸು ಎಂದು ಗೊತ್ತಾಗಲು, ಹೆಂಡತಿ ಬಟ್ಟೆಗೆ ಗೆರೆ ಎಳೆಯುವ ನೀಲಿ ಸೀಮೆಸುಣ್ಣದಿಂದ ಪ್ಲಸ್ಸಿನ ಎಳೆಗೆ ಒಂದು ಗುರುತು ಮಾಡಿ, ಬೀದಿಯವರಿಗೆ ಸ್ಪೀಕರಿನ ಬಗ್ಗೆ ತಿಳಿವಳಿಕೆ ಕೊಡಲು ಹೋದ. ತಿಳಿವಳಿಕೆ ಕೊಟ್ಟು ಮುಗಿಯುವಷ್ಟರಲ್ಲಿ ಕತ್ತಲಾಯಿತು. ಉಳಿದದ್ದನ್ನು ಬೆಳಿಗ್ಗೆ ಮಾಡಿದರಾಯಿತೆಂದು ಮಲಗಿದ.

ಬೆಳಿಗ್ಗೆ ನೋಡಿದರೆ ಬಾಗಿಲಿನಿಂದ ಜೋತಾಡುತ್ತಿದ್ದ ತಂತಿ ಆಗ ತಾನೇ ಸ್ನಾನ ಮಾಡಿ ಬಂದಂತೆ ಥಳಥಳ ಹೊಳೆಯುತ್ತಿತ್ತು. ಗುರುತು ಎಲ್ಲೂ ಇಲ್ಲ. ಬಿಚ್ಚಿ, ಸೇರಿಸಿದ ಜಾಗದವರೆಗೆ ಹಿಂದಕ್ಕೆ ಹುಡುಕಿಕೊಂಡು ಹೋಗಿ ನೋಡಬಹುದಿತ್ತು. ಆದರೆ ಒಳಗಿನಿಂದ ಹೆಂಡತಿ, "ಇನ್ನೇನು ಶುರುವಾಗುತ್ತೆ, ಆಯ್ತೇನ್ರೀ?" ಎಂದು ಕೂಗಿದಳು. ಗುಡುಗಪ್ಪ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. ಈ ಕೈಗೆ ಗೊತ್ತಿಲ್ಲದ ತಂತಿಯುಂಟೇ ಎಂದುಕೊಂಡ. ಕೈ ಹೇಳಿದಂತೆ ಜೋಡಿಸಿ ಹೊದಿಕೆ ಒತ್ತಿ ಮುಚ್ಚಿಬಿಟ್ಟ.

ನಾಲ್ವರೂ ಕಾರಿನೊಳಗೆ ಕೂತರು. ಅವನು ಸ್ಟಿಯರಿಂಗಿನ ಮುಂದೆ, ಪಕ್ಕದಲ್ಲಿ ಪಿಸು, ಹಿಂದೆ ಹೆಂಡತಿ ಮತ್ತು ಅತ್ತೆ. ಪಿಸುವಿನ ಕೈ ಬ್ಯಾಗಿನ ಪಟ್ಟಿಯನ್ನು ತಿರುಚುತ್ತಲೇ ಇತ್ತು. ಕಿಟಕಿ ಮುಚ್ಚಿದರು. ಗಂಟೆ ಬಾರಿಸಿದಂಥ ಪುಟ್ಟ ಸಂಗೀತ ಬಂತು, ನಿಂತಿತು. ಆಮೇಲೆ ಅವಳ ದನಿ.

ದನಿ ಎನ್ನುವುದಕ್ಕೆ ಏನೋ ಒಂದು. ಅದಕ್ಕೆ ಎದೆಯೂ ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಮುಂದಿನಿಂದಲೂ ಬರುತ್ತಿರಲಿಲ್ಲ, ಹಿಂದಿನಿಂದಲೂ ಬರುತ್ತಿರಲಿಲ್ಲ. ಖಾಲಿ ಡ್ರಮ್ಮಿನೊಳಗೆ ಇಳಿದು ಮುಚ್ಚಳ ಹಾಕಿಕೊಂಡವರು ಮಾತಾಡಿದಂತೆ, ಕತ್ತಿನ ಹಿಂದೆಲ್ಲೋ, ಸೀಟಿನ ಕೆಳಗೆಲ್ಲೋ ಸುಳಿದಾಡುತ್ತಿತ್ತು. ಕಾಡೇ ನಡುಗುವಂತೆ ಸೀನಬೇಕಾದ ಆನೆ, ಇರುವೆ ಕೆಮ್ಮಿದಂತೆ ಸೀನಿತು.

ಆ ಮನೆಯವರು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು.

ಕಥೆ ಮುಗಿಯಿತು. "ಚೆನ್ನಾಗಿತ್ತು," ಎಂದಳು ಅಕ್ಕ, ಎಂದಿಲ್ಲದ ಮೆಲ್ಲಗಿನ ದನಿಯಲ್ಲಿ. ಅದೇ ಕೆಟ್ಟದಾಯಿತು.

"ಹೀಗಾ ನಾನು ಮಾತಾಡೋದು?" ಎಂದಳು ಪಿಸು. "ಇಷ್ಟು ದಿನ ನಿಮಗ್ಯಾರಿಗೂ ಕೇಳಿಸ್ತಿರಲಿಲ್ಲ ಅಂದ್ರೆ ನಿಮ್ಮ ಗಲಾಟೆ ಕಾರಣ ಅಂದ್ಕೊಂಡಿದ್ದೆ."

ಬಾಗಿಲು ತೆರೆದು ಇಳಿದಳು. ಬಾಗಿಲನ್ನು ಜೋರಾಗಿ ಹಾಕಿದ್ದರೂ ಗುಡುಗಪ್ಪನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಅದನ್ನು ಮಗು ಮಲಗಿರುವ ಕೋಣೆಯ ಬಾಗಿಲಿನಂತೆ ಮೆಲ್ಲಗೆ ಒತ್ತಿ ಹೋದಳು. ಹೋಗುತ್ತ ಅಕ್ಕನಿಗೆ ಹೇಳಿದಳು: "ನಾಳೆ ಅವರಿಗೆ ಫೋನ್ ಮಾಡಿ ಬೇಡ ಅಂತೀನಿ."

ಉಳಿದಿಬ್ಬರೂ ಅವಳ ಹಿಂದೆಯೇ ಹೋದರು. ಗುಡುಗಪ್ಪ ಒಬ್ಬನೇ ಕೂತು ಮೊದಲು ರೇಡಿಯೋ ಕೇಂದ್ರವನ್ನು ಬೈದ. ಆಮೇಲೆ ಸ್ಪೀಕರ್ ಮಾಡಿದವರನ್ನು ಬೈದ, ಗಾಳಿಯನ್ನೂ ಬೈದ. ಬೈಯಲು ಯಾರೂ ಉಳಿಯದಿದ್ದಾಗ ಸುಮ್ಮನೆ ಸದ್ದನ್ನು ಎಡಗಡೆಯ ಸ್ಪೀಕರಿಗಷ್ಟೇ ತಿರುಗಿಸಿದ. ಯಾರೋ ಹಾಡುತ್ತಿದ್ದರು, ತುಂಬಿದ ದನಿ, ಜೇನಿನಂತೆ. ಬಲಗಡೆಗೆ ತಿರುಗಿಸಿದ. ಅದೂ ಜೇನು. ಎರಡನ್ನೂ ಒಟ್ಟಿಗೆ ಬಿಟ್ಟ. ಮತ್ತೆ ಡ್ರಮ್ಮು.

ಅವನ ಕೈ ತಣ್ಣಗಾಯಿತು. ಫ್ರಿಜ್ಜಿನವನ ಕೈ, ಮೊದಲೇ ತಣ್ಣಗೆ. ಇದು ಅದಕ್ಕಿಂತ ತಣ್ಣಗೆ. ಎರಡು ಸ್ಪೀಕರೂ ಒಂದೇ ಸಲ ಮುಂದಕ್ಕೆ ತಳ್ಳಬೇಕು, ಒಂದೇ ಸಲ ಹಿಂದಕ್ಕೆ ಸೆಳೆಯಬೇಕು. ತಂತಿ ಅದಲುಬದಲಾದರೆ ಒಂದು ತಳ್ಳುವಾಗ ಇನ್ನೊಂದು ಸೆಳೆಯುತ್ತದೆ. ಬೀರು ಸರಿಸಲು ಬಂದ ಇಬ್ಬರು ಎದುರುಬದುರು ನಿಂತು ತಳ್ಳಿದಂತೆ: ಇಬ್ಬರೂ ಬೆವರುತ್ತಾರೆ, ಬೀರು ಅಲ್ಲೇ ಇರುತ್ತದೆ. ಪಿಸುವಿನ ದನಿಯನ್ನು ಅವನ ಎರಡು ಸ್ಪೀಕರುಗಳು ಸೇರಿ ನಡುವೆ ನುಂಗಿದ್ದವು.

ಓಡಿದ. ಚಪ್ಪಲಿ ಕಾರಿನಲ್ಲೇ ಉಳಿಯಿತು. ಪಿಸು ಹೊಲಿಗೆ ಯಂತ್ರದ ಪಕ್ಕ ಕೂತು, ಯಾರೂ ಹೇಳದಿದ್ದರೂ ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಿದ್ದಳು.

"ಏಳು ಪಿಸು. ನಿನ್ನ ದನಿದೇನೂ ತಪ್ಪಿಲ್ಲ. ನನ್ನದು. ಎಂಥ ತಪ್ಪು ಅಂತೀಯ, ಈ ಊರಲ್ಲಿ ಇಲ್ಲಿವರೆಗೆ ಯಾರೂ ಮಾಡಿರೋದಿಲ್ಲ ಇಂಥದ್ದು. ಸ್ಪೀಕರ್ ಹುಟ್ಟಿದಾಗಿನಿಂದ ಮಾಡಿರೋದಿಲ್ಲ. ಇನ್ನೊಬ್ಬನ ಕೈಯಲ್ಲಿ ಮಾಡೋಕಾಗಲ್ಲ."

ಪಿಸು ನಕ್ಕಳು, ಆದರೆ ಗುಂಡಿಗಳನ್ನು ಬಿಡಲಿಲ್ಲ. "ಸಮಾಧಾನಕ್ಕೆ ಹೇಳ್ತಿದೀರ ಭಾವ. ಬೇಡ, ನನಗೇನೂ ಬೇಜಾರಿಲ್ಲ."

"ಸಮಾಧಾನ ಅಲ್ಲ. ದೇವರಾಣೆ ನಿಜ."

"ಹೋದ ಸಲ ನಾನು ಮಾಡಿದ ಕೇಕು ಕಲ್ಲಾಗಿತ್ತು. ಪ್ರಪಂಚದಲ್ಲಿ ಇಂಥ ಕೇಕು ಇನ್ನೊಂದಿಲ್ಲ ಅಂದ್ರಿ."

"ಇರಲಿಲ್ಲ ತಾನೇ?"

"ಅಂಗಡೀಲಿ ರಿಪೇರಿ ಮಾಡಿದ ಫ್ರಿಜ್ಜಲ್ಲಿ ಹಿಮ ಬಿತ್ತು ಅಂದ್ರಿ."

ಗುಡುಗಪ್ಪ ಜೀವಮಾನದಲ್ಲಿ ಆಡಿದ ಮಾತುಗಳೆಲ್ಲ ಸಾಲಾಗಿ ಬಂದು ಬಾಗಿಲಿಗೆ ಅಡ್ಡ ನಿಂತಿದ್ದವು. ಇಂದು ಹೇಳಬೇಕಾಗಿದ್ದ ಒಂದೇ ಒಂದು ನಿಜಕ್ಕೆ ಒಳಗೆ ಹೋಗಲು ಜಾಗವಿರಲಿಲ್ಲ.

"ರೀ," ಎಂದಳು ಹೆಂಡತಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ, "ತಪ್ಪನ್ನಾದ್ರೂ ಸ್ವಲ್ಪ ಸಣ್ಣದಾಗಿ ಹೇಳ್ರೀ."

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. "ಎಡಗಡೆ ತಂತಿ ತಿರುಗಾಮುರುಗಾ ಕೊಟ್ಟೆ," ಎಂದ. "ಗೊತ್ತಾಗಲಿಲ್ಲ. ನೋಡಬೇಕಿತ್ತು, ನೋಡಲಿಲ್ಲ."

ಅಷ್ಟೇ. ಅಡುಗೆಮನೆಯಿಂದ ಅತ್ತೆ ಗಾಬರಿಯಿಂದ ಹೊರಗೆ ಬಂದರು. "ಏನಾಯ್ತು ಅಳಿಯಂದ್ರೇ, ದನಿ ಇಷ್ಟು ಸಣ್ಣಗಾಗಿದೆ? ಜ್ವರವೇ?" ಎಂದು ಒದ್ದೆ ಕೈಯಲ್ಲೇ ಹಣೆ ಮುಟ್ಟಿ ನೋಡಿದರು. ವಿಷಯ ತಿಳಿದ ಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು. ತಮ್ಮ ಬಟ್ಟೆಯನ್ನು ಒಮ್ಮೆ ನೋಡಿದರು.

"ಆ ತಂತಿ ಮೇಲೆ ಏನೋ ನೀಲಿ ಕೊಳೆ ಇತ್ತಲ್ಲ," ಎಂದರು. "ನಾನು ಬೆಳಿಗ್ಗೆ…"

"ಒರೆಸಿದ್ದು ನೀವು ಅತ್ತೆ, ಜೋಡಿಸಿದ್ದು ನಾನು," ಎಂದ ಗುಡುಗಪ್ಪ.

ಪಿಸು ಗುಂಡಿಗಳಿಂದ ತಲೆ ಎತ್ತಿದಳು. ಭಾವನಿಗೆ ತಪ್ಪು ಹೊರಿಸಲು ಇಷ್ಟು ಒಳ್ಳೆಯ ಹೆಗಲು ಸಿಕ್ಕಿತ್ತು. ಅತ್ತೆಯ ಮೇಲೆ ಹೇರಿಬಿಟ್ಟಿದ್ದರೆ ಮುಂದಿನ ಹತ್ತು ವರ್ಷ ಹೇಳಿಕೊಂಡು ತಿರುಗಬಹುದಾದ ಕಥೆ. ಅವನು ಅದನ್ನು ಮುಟ್ಟಲೇ ಇಲ್ಲ.

"ಸರಿ, ತೋರಿಸಿ," ಎಂದಳು. "ಆದ್ರೆ ನೀವು ಮಾತಾಡಬಾರದು. ಒಂದು ಮಾತೂ. ನೀವು ಮಾತಾಡಿದ್ರೆ, ನೀವು ಹೇಳಿದ ಹಾಗೇ ಕೇಳಿಸ್ತು ಅಂತ ನನಗೂ ಅನ್ನಿಸಿಬಿಡುತ್ತೆ."

ಆನೆಯ ಕಥೆ ಮತ್ತೆ ಬರುವುದಿರಲಿಲ್ಲ. ಅದು ಒಮ್ಮೆ ಹೋದರೆ ಹೋಯಿತು. ಬರುವುದಿದ್ದದ್ದು ವಾರ್ತೆ. ವಾರ್ತೆ ಓದುವವರ ದನಿ ಆ ಊರಿನಲ್ಲಿ ಕೈಕೂಸಿಗೂ ಗೊತ್ತು: ತುಂಬಿದ ಗೋಣಿಚೀಲವನ್ನು ನೆಲಕ್ಕೆ ಇಳಿಸಿದಂಥ ದನಿ. ಅವರು ನಮಸ್ಕಾರ ಎಂದರೆ ಮೇಜಿನ ಮೇಲಿನ ಲೋಟ ತಾನೂ ಬಾಗುತ್ತದೆ.

ಪಿಸು ಮುಂದಿನ ಸೀಟಿನಲ್ಲಿ ಕೂತಳು, ಹಿಂದೆ ಅಕ್ಕ ಮತ್ತು ಅತ್ತೆ. ವಾರ್ತೆ ಶುರುವಾಯಿತು. ಗೋಣಿಚೀಲದ ದನಿಯೂ ಡ್ರಮ್ಮಿಗೆ ಬಿದ್ದಿತ್ತು. ಅಷ್ಟು ದೊಡ್ಡ ಮನುಷ್ಯ ಸೀಟಿನ ಕೆಳಗೆಲ್ಲೋ ಕಳೆದುಹೋದ ಕರವಸ್ತ್ರದಂತೆ ಮಾತಾಡುತ್ತಿದ್ದರು. ಪಿಸುವಿನ ಹುಬ್ಬು ಮೇಲೇರಿತು. ಭಾವನ ಕಡೆ ನೋಡಿದಳು. ಗುಡುಗಪ್ಪನ ಕೆನ್ನೆಗಳು ಹೇಳದ ಮಾತಿನಿಂದ ಉಬ್ಬಿ, ಕಿವಿ ಕೆಂಪಾಗಿದ್ದವು, ಆದರೆ ತುಟಿ ಬಿಚ್ಚಲಿಲ್ಲ. ಆ ದಿನ ಅವನು ತಡೆದುಕೊಂಡ ಮಾತನ್ನು ಅಣೆಕಟ್ಟಿನ ಹಿಂದೆ ನಿಲ್ಲಿಸಿದ್ದರೆ ಅಣೆಕಟ್ಟು ಒಡೆಯುತ್ತಿತ್ತು.

ರೇಡಿಯೋ ಆರಿಸಿ, ಎಡ ಬಾಗಿಲಿನ ಹೊದಿಕೆ ಕಿತ್ತ. ಉಳಿದಿದ್ದ ಕ್ಲಿಪ್ಪುಗಳೂ ಹಾರಿದವು. ಸ್ಪೀಕರನ್ನು ಹೊರಕ್ಕೆಳೆದು ತಂತಿಗಳ ತುದಿ ಬಿಡಿಸಿ ಅವಳ ಕೈಗೆ ಕೊಟ್ಟ. ತಾನು ಮಾಡಲಿಲ್ಲ. ಬೆರಳು ತೋರಿಸಿದ: ಇದು ಅಲ್ಲಿಗೆ, ಅದು ಇಲ್ಲಿಗೆ. ಕನ್ನಡಕದ ಪುಟಾಣಿ ತಿರುಪುಗಳನ್ನು ಬಿಗಿದು ಪಳಗಿದ ಬೆರಳು. ಅದಲುಬದಲು ಮಾಡಲು ಅವಳಿಗೆ ರೆಪ್ಪೆ ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನು ಸ್ಪೀಕರನ್ನು ಮತ್ತೆ ಕೂರಿಸಿ ತಿರುಪು ಬಿಗಿದು, ರೇಡಿಯೋ ಹಾಕಿದ.

ವಾರ್ತೆ ಓದುವವರು ಸೀಟಿನ ಕೆಳಗಿನಿಂದ ಎದ್ದು, ಮೈ ಕೊಡವಿಕೊಂಡು, ಬಂದು ಡ್ಯಾಶ್‌ಬೋರ್ಡಿನ ನಟ್ಟನಡುವೆ ಕೂತರು. ಎದೆ ಬಂತು, ಹೊಟ್ಟೆ ಬಂತು, ಬಹುಶಃ ಮೀಸೆಯೂ ಬಂತು. ನಾಳೆಯ ಹವಾಮಾನವನ್ನು ನೇರವಾಗಿ ಪಿಸುವಿನ ಮುಖ ನೋಡಿ ಹೇಳಿದರು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡರು.

ಪಿಸು ಅದು ಮುಗಿಯುವವರೆಗೂ ಕೇಳಿದಳು. ಆಮೇಲೆ ತಾನೇ ಆರಿಸಿದಳು.

"ಇವರಿಗೇ ಹಾಗೆ ಮಾಡಿದ್ರೆ ಇನ್ನು ನನ್ನನ್ನ ಬಿಡ್ತೀರಾ?" ಎಂದಳು.

ಗುಡುಗಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡು, ಮಾತಾಡಲೇ ಎಂದು ಕಣ್ಣಿನಲ್ಲಿ ಕೇಳಿದ.

"ಇನ್ನೊಂದು ಚೂರು ತಡೀರಿ. ನನಗೆ ಒಂದು ಹೇಳಬೇಕು." ಅವಳು ಬ್ಯಾಗಿನ ಪಟ್ಟಿ ಬಿಟ್ಟಳು. "ಇವಾಗ ಕೆಟ್ಟದಾಗಿಲ್ಲ ಅಂತಷ್ಟೇ ಗೊತ್ತಾಯ್ತು. ಚೆನ್ನಾಗಿದೆ ಅಂತ ಗೊತ್ತಾಗಲಿಲ್ಲ. ಅದು ಗೊತ್ತಾಗಬೇಕಾದ್ರೆ ಇನ್ನೊಂದು ಕಥೆ ಓದಿ ನೋಡಬೇಕಲ್ಲ?"

"ಓದಬೇಕಾಗುತ್ತೆ," ಎಂದಳು ಹಿಂದಿನಿಂದ ಅಕ್ಕ. "ಇವರಿಂದ ಬೇರೆ ಸ್ಪೀಕರ್ ತರಿಸೋದಕ್ಕಿಂತ ಅದೇ ವಾಸಿ."

ಸೋಮವಾರ ಪಿಸು ಫೋನ್ ಮಾಡಲಿಲ್ಲ. ಬುಧವಾರ ಭಾವನೇ ಕಾರಿನಲ್ಲಿ ಕರೆದೊಯ್ದ. ಎಡ ಬಾಗಿಲಿನ ಹೊದಿಕೆಯನ್ನು ಹೆಂಡತಿ ಹೊಲಿಗೆಯ ದಾರದಿಂದ ಬಿಗಿದು ಕಟ್ಟಿದ್ದಳು. ಅದನ್ನು ಮುಟ್ಟಬಾರದೆಂದು ಅತ್ತೆಗೆ ಎಲ್ಲರೂ ಹೇಳಿದ್ದರು. ಹೊರಟ ಕೂಡಲೇ ಗುಡುಗಪ್ಪನ ಕೈ ರೇಡಿಯೋದ ಕಡೆ ಹೋಯಿತು. ಅಷ್ಟರಲ್ಲಿ ಪಿಸು ಹೊಸ ಕಥೆಯ ಹಾಳೆಗಳನ್ನು ಮಡಿಲಲ್ಲಿ ಬಿಡಿಸಿ, ಅಭ್ಯಾಸಕ್ಕೆಂದು ಓದತೊಡಗಿದಳು. ಗಡಿಯಾರದೊಳಗೆ ಸಂಸಾರ ಹೂಡಿದ ಇಲಿಯೊಂದರ ಕಥೆ. ಅವನು ಕೈ ಹಿಂದಕ್ಕೆ ತೆಗೆದ. ಕಿಟಕಿಯ ಗಾಜು ಏರಿಸಿದ. ಬೀದಿಯಲ್ಲೇ ಎಲ್ಲಕ್ಕಿಂತ ದೊಡ್ಡ ಸ್ಪೀಕರುಗಳು ಎರಡೂ ಬದಿಯಲ್ಲಿ ತೆಪ್ಪಗೆ ಕೂತಿದ್ದವು. ಹಾರ್ನ್ ಹೊಡೆಯಬೇಕಾದ ಕಡೆಯೂ ಹೊಡೆಯದೆ, ನಿಧಾನವಾಗಿ, ಸ್ವಲ್ಪ ಸುತ್ತಿನ ದಾರಿಯಲ್ಲೇ ಕಾರು ಓಡಿಸಿದ. ಇಲಿಯ ಮಗಳ ಮದುವೆ ಮುಗಿಯುವ ಮೊದಲೇ ರೇಡಿಯೋ ಕೇಂದ್ರ ಬಂದುಬಿಡುತ್ತದೆಂದು ಅವನಿಗೆ ಭಯ.

"ಆಮೇಲೆ?" ಎಂದು ಕೇಳಿದ, ಅವಳು ಹಾಳೆ ತಿರುಗಿಸಲು ತಡಮಾಡಿದಾಗ.

ಗೇಟಿನಲ್ಲಿ ಅವಳು ಇಳಿದು ಒಳಗೆ ಹೋದಳು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಒಂದು ಕಣ್ಣು ತೆರೆದು, "ಯಾರವರು?" ಎಂದು ಗುಡುಗಪ್ಪನನ್ನು ಕೇಳಿದ. ಪಾಪ, ಕೇಳಬಾರದಿತ್ತು. ರೇಡಿಯೋ ಎಂಬುದು ಹುಟ್ಟಿದ್ದೇ ಯಾರ ದನಿಗಾಗಿ ಎಂಬಲ್ಲಿಂದ ಶುರುವಾಯಿತು. ಸೀನಿದ ಆನೆಯ ರಭಸಕ್ಕೆ ಕಾರಿನ ಬಾಗಿಲೇ ಕಿತ್ತುಬಂದು, ಈಗ ದಾರದಲ್ಲಿ ಕಟ್ಟಿರುವುದನ್ನು ಕಾವಲುಗಾರ ಬಂದು ಕಣ್ಣಾರೆ ನೋಡಿದ.

ಪಿಸು ಹೊರಗೆ ಬಂದಾಗ ಆತ ಕುರ್ಚಿಯಿಂದ ಎದ್ದು ನಿಂತಿದ್ದ. ಟೋಪಿ ಸರಿಮಾಡಿಕೊಂಡು ಗೇಟು ತೆರೆದ.

"ಮೇಡಂ, ಇವತ್ತಿಂದು ಯಾವತ್ತು ಬರುತ್ತೆ?"

ಗುಡುಗಪ್ಪ ಉತ್ತರ ಕೊಡಲು ಎದೆ ತುಂಬ ಉಸಿರು ಎಳೆದುಕೊಂಡ. ಆಮೇಲೆ ನಾದಿನಿಯ ಮುಖ ನೋಡಿ, ಉಸಿರನ್ನು ಹಾಗೇ ಮೆಲ್ಲಗೆ ಬಿಟ್ಟ.

"ಭಾನುವಾರ," ಎಂದಳು ಪಿಸು. "ಬೆಳಿಗ್ಗೆ. ಮನೇಲಿ ಮಕ್ಕಳಿದ್ರೆ ಕೇಳಿಸಿ. ಇಲಿ ಕಥೆ."

ಕಾವಲುಗಾರ ತಲೆಯಾಡಿಸಿದ. ರಸ್ತೆಯಲ್ಲಿ ಒಂದು ಲಾರಿ ಹೋಗುತ್ತಿತ್ತು, ಆದರೂ ಅವನಿಗೆ ಎಲ್ಲ ಕೇಳಿಸಿತ್ತು.